ಎಡಗಡೆಗೆ ಬೇಟೆ, ಬಲಗಡೆಗೆ ಭಯ



ನಾಲ್ಕೈದು ಮಂದಿ ಗೆಳೆಯರು ಸುತ್ತ ಕುಳಿತು ಇಸ್ಪೀಟು ಆಡುವಾಗ ನೀವು ಯಾರಿಗೆ ಹೆದರುತ್ತೀರಿ? ರಮ್ಮಿಯಾದರೆ ನೀವು ಎಸೆದ ಎಲೆಯನ್ನು ಮುಂದಿನವರು ಎತ್ತಿಕೊಂಡಾರೆಂಬ ಸಣ್ಣ ಅಳುಕು ಇರುತ್ತದೆ. ಇಪ್ಪತ್ತೆಂಟಾದರೆ ಎದುರು ಪಕ್ಷದವರ ಮೇಲೆ ಕಣ್ಣಿರುತ್ತದೆ. ಆದರೆ 1994ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಕಾರ್ಡಿನ ಆಟದಲ್ಲಿ ಭಯಕ್ಕೆ ನಿಶ್ಚಿತವಾದ ಜಾಗವೊಂದಿದೆ. ಅದು ನಿಮ್ಮ ಬಲಗಡೆ ಕುಳಿತವರ ಜಾಗ. ಅವರು ನಿಮ್ಮ ಬೇಟೆಗಾರರು. ನಿಮ್ಮ ಎಡಗಡೆ ಕುಳಿತವರು ನಿಮ್ಮ ಬೇಟೆ.

ಈ ಆಟದ ಹೆಸರು ‘ವ್ಯಾಂಪೈರ್: ದಿ ಇಟರ್ನಲ್ ಸ್ಟ್ರಗಲ್’. ರಕ್ತ ಹೀರುವ ಪಿಶಾಚಿಗಳ ಕೊನೆಯಿಲ್ಲದ ಹೋರಾಟ ಎಂದು ಅದರ ಅರ್ಥ. ಇದನ್ನು ಮುದ್ರಿಸುತ್ತಿದ್ದ ಸಂಸ್ಥೆಗಳು ಎರಡು ಬಾರಿ ಇದನ್ನು ಕೈಬಿಟ್ಟವು. ಅದೇ ಕಾಲದಲ್ಲಿ ಹುಟ್ಟಿದ ಹಲವು ಆಟಗಳು ಹಾಗೆ ಕೈಬಿಟ್ಟೊಡನೆ ಮರೆಯಾದವು. ಇದು ಮಾತ್ರ ಎರಡು ಬಾರಿಯೂ ಮರಳಿ ಬಂದಿತು. ಇದಕ್ಕಿಂತ ಸುಲಭವಾದ, ಬೇಗ ಮುಗಿಯುವ, ಹೆಚ್ಚು ಹಣದ ಬೆಂಬಲವಿದ್ದ ಆಟಗಳು ಬೇಕಾದಷ್ಟಿದ್ದರೂ ಆಟಗಾರರು ಇದನ್ನೇ ಏಕೆ ಹಿಡಿದುಕೊಂಡರು? ಚಿತ್ರಗಳ ಭೀಕರತೆಗಾಗಿಯೇ? ಭೂತ ಪ್ರೇತಗಳ ಮೋಹಕ್ಕಾಗಿಯೇ? ಆಟದ ಚರಿತ್ರೆಯನ್ನೂ ನಿಯಮಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಉತ್ತರ ಬೇರೆಯೇ ಸಿಗುತ್ತದೆ.

ಗಣಿತಜ್ಞನೊಬ್ಬನ ಎರಡನೆಯ ಪ್ರಯೋಗ

ಕಥೆ 1993ರಿಂದ ಆರಂಭವಾಗುತ್ತದೆ. ರಿಚರ್ಡ್ ಗಾರ್ಫೀಲ್ಡ್ ಎಂಬ ಅಮೆರಿಕದ ಗಣಿತಜ್ಞರು ಆ ವರ್ಷ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. ಅವರ ವಿಷಯ ಸಂಯೋಜನ ಗಣಿತ. ಎಂದರೆ ವಸ್ತುಗಳನ್ನು ಎಷ್ಟು ಬಗೆಯಲ್ಲಿ ಆರಿಸಬಹುದು, ಜೋಡಿಸಬಹುದು ಎಂಬುದರ ಲೆಕ್ಕ. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಅವರು ರೂಪಿಸಿದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಆಟವನ್ನು ‘ವಿಝರ್ಡ್ಸ್ ಆಫ್ ದಿ ಕೋಸ್ಟ್’ ಎಂಬ ಸಣ್ಣ ಸಂಸ್ಥೆ ಪ್ರಕಟಿಸಿತು.

ಈ ಆಟದ ಹೊಸತನವನ್ನು ತಿಳಿಯಲು ಇಸ್ಪೀಟನ್ನೇ ನೆನಪಿಸಿಕೊಳ್ಳಿ. ಇಸ್ಪೀಟಿನ ಕಟ್ಟಿನಲ್ಲಿ 52 ಎಲೆ; ಎಲ್ಲರಿಗೂ ಅದೇ ಕಟ್ಟು. ಮ್ಯಾಜಿಕ್‌ನಲ್ಲಿ ನೂರಾರು ಬಗೆಯ ಕಾರ್ಡುಗಳಿದ್ದವು. ಅಂಗಡಿಯಲ್ಲಿ ಸಿಗುವ ಸಣ್ಣ ಪೊಟ್ಟಣಗಳನ್ನು ಕೊಂಡು, ಗೆಳೆಯರೊಡನೆ ವಿನಿಮಯ ಮಾಡಿಕೊಂಡು, ಪ್ರತಿಯೊಬ್ಬರೂ ತಮ್ಮ ಕಟ್ಟನ್ನು ತಾವೇ ಕಟ್ಟಿಕೊಂಡು ಬರಬೇಕಿತ್ತು. ಆಟ ಆರಂಭವಾಗುವ ಮೊದಲೇ, ಮನೆಯಲ್ಲಿ ಕುಳಿತು ಯೋಚಿಸುವಾಗಲೇ, ಅರ್ಧ ಆಟ ಮುಗಿದಿರುತ್ತಿತ್ತು. ಈ ಕಲ್ಪನೆಗೆ ಅಪಾರ ಜನಪ್ರಿಯತೆ ದೊರೆಯಿತು.

ಮ್ಯಾಜಿಕ್ ಮೂಲತಃ ಇಬ್ಬರ ದ್ವಂದ್ವ ಯುದ್ಧ. ತಲಾ 20 ಜೀವಾಂಕ. ಯಾರದು ಮೊದಲು ಸೊನ್ನೆಯಾಗುವುದೋ ಅವರು ಸೋತಂತೆ. ಆದರೆ ಮೇಜಿನ ಸುತ್ತ ಐದು ಮಂದಿ ಕುಳಿತರೆ ಏನಾಗಬೇಕು? ಎಲ್ಲರೂ ಎಲ್ಲರ ಮೇಲೆ ದಾಳಿ ಮಾಡಬಹುದು ಎಂದರೆ ಎರಡು ತೊಂದರೆಗಳು ಕಾಣಿಸಿಕೊಳ್ಳುತ್ತವೆ. ಮೊದಲನೆಯದು, ನಾಲ್ವರು ಸೇರಿ ಒಬ್ಬರ ಮೇಲೆ ಬೀಳುವುದು. ಎರಡನೆಯದು, ಮೊದಲು ದಾಳಿ ಮಾಡಿದವರು ದುರ್ಬಲರಾಗಿ ಇತರರಿಗೆ ಸುಲಭದ ತುತ್ತಾಗುವುದರಿಂದ ಎಲ್ಲರೂ ಕೈಕಟ್ಟಿ ಕಾಯುವುದು. ಹಲವರು ಸೇರಿ ಆಡುವ ಯುದ್ಧದ ಆಟಗಳಿಗೆಲ್ಲ ಇದು ಹಳೆಯ ಕಾಯಿಲೆ.

ಈ ಕಾಯಿಲೆಗೆ ಗಾರ್ಫೀಲ್ಡ್ 1994ರಲ್ಲಿ ತಮ್ಮ ಎರಡನೆಯ ಆಟದಲ್ಲಿ ಮದ್ದು ಕೊಟ್ಟರು. ಆ ಆಟ ಮೊದಲು ಬಂದದ್ದು ‘ಜಿಹಾದ್’ ಎಂಬ ಹೆಸರಿನಲ್ಲಿ, ಇಂಗ್ಲಿಷ್ ಕಾಗುಣಿತವನ್ನು ಸ್ವಲ್ಪ ಬದಲಿಸಿಕೊಂಡು. ಇಸ್ಲಾಂ ಧರ್ಮದ ಒಂದು ಗಂಭೀರ ಪದ ರಕ್ತಪಿಶಾಚಿಗಳ ಆಟಕ್ಕೆ ಹೆಸರಾಗಿರುವುದು ಉಚಿತವಲ್ಲವೆಂದು 1995ರಲ್ಲಿ ಆ ಹೆಸರನ್ನು ಕೈಬಿಟ್ಟು ಈಗಿನ ಹೆಸರನ್ನು ಇಡಲಾಯಿತು.

ಪಿಶಾಚಿ ಶ್ರೀಮಂತನಾದ ಬಗೆ

ನಿಯಮಗಳಿಗೆ ಹೋಗುವ ಮುನ್ನ ಈ ಪಿಶಾಚಿಯ ವಂಶಾವಳಿಯನ್ನು ಸ್ವಲ್ಪ ನೋಡೋಣ. ಪೂರ್ವ ಯೂರೋಪಿನ ಜಾನಪದದಲ್ಲಿ ವ್ಯಾಂಪೈರ್ ಎಂದರೆ ಗೋರಿಯಿಂದ ಎದ್ದು ಬರುವ ಹೆಣ. ತನ್ನ ಊರಿನವರನ್ನೇ ಕಾಡುವ, ನೋಡಲು ಅಸಹ್ಯವಾದ ಒಂದು ಪೀಡೆ. 1819ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಪೋಲಿಡೋರಿ ಬರೆದ ‘ದಿ ವ್ಯಾಂಪೈರ್’ ಎಂಬ ಕಥೆಯಲ್ಲಿ ಆ ಹೆಣ ಒಬ್ಬ ಸಭ್ಯ ಶ್ರೀಮಂತನ ವೇಷ ತೊಟ್ಟಿತು. 1897ರಲ್ಲಿ ಬ್ರಾಮ್ ಸ್ಟೋಕರ್ ಅವರ ‘ಡ್ರಾಕುಲಾ’ ಕಾದಂಬರಿ ಆ ಶ್ರೀಮಂತನಿಗೆ ಕೋಟೆ, ಆಸ್ತಿ, ವಕೀಲ ಎಲ್ಲವನ್ನೂ ಕೊಟ್ಟಿತು.

1991ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ‘ವೈಟ್ ವುಲ್ಫ್’ ಎಂಬ ಸಂಸ್ಥೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮಾರ್ಕ್ ರೈನ್-ಹಾಗೆನ್ ರೂಪಿಸಿದ ‘ವ್ಯಾಂಪೈರ್: ದಿ ಮಾಸ್ಕರೇಡ್’ ಎಂಬುದು ಮಾತಿನಲ್ಲೇ ಪಾತ್ರ ವಹಿಸಿ ಆಡುವ ಆಟ. ಅದರಲ್ಲಿ ಪಿಶಾಚಿ ಒಂಟಿಯಲ್ಲ. ಅವರಿಗೆ ಕುಲಗಳಿವೆ, ನಗರಕ್ಕೊಬ್ಬ ಅಧಿಪತಿ ಇದ್ದಾನೆ, ಸಭೆ ಇದೆ, ಕಾನೂನು ಇದೆ. ಎಲ್ಲರಿಗಿಂತ ಮೇಲೆ, ಸಾವಿರಾರು ವರ್ಷ ಬದುಕಿದ ಕೆಲವು ಹಿರಿಯರಿದ್ದಾರೆ. ಅವರು ಯಾರ ಕಣ್ಣಿಗೂ ಬೀಳುವುದಿಲ್ಲ. ಕಿರಿಯರನ್ನು ದಾಳಗಳಂತೆ ನಡೆಸಿ ಪರಸ್ಪರ ಗುಟ್ಟಿನ ಯುದ್ಧ ಮಾಡುತ್ತಾರೆ.

ಗಾರ್ಫೀಲ್ಡ್ ತಮ್ಮ ಆಟಕ್ಕೆ ಆರಿಸಿಕೊಂಡದ್ದು ಈ ಗುಟ್ಟಿನ ಯುದ್ಧವನ್ನು. ಇಲ್ಲಿ ಆಟಗಾರರಾದ ನೀವು ಪಿಶಾಚಿಯಲ್ಲ, ಪಿಶಾಚಿಗಳ ಹಿಂದೆ ಅಡಗಿ ಕುಳಿತ ಹಿರಿಯರು. ಬೈಬಲ್ಲಿನಲ್ಲಿ 969 ವರ್ಷ ಬದುಕಿದನೆಂದು ಹೇಳಲಾದ ಮೆತೂಷೆಲಹನ ಹೆಸರನ್ನೇ ಆಟಗಾರನ ಪಾತ್ರಕ್ಕೆ ಇಡಲಾಗಿದೆ.

ಸ್ವಂತ ರಕ್ತವೇ ಹಣ

ಈಗ ನಿಯಮ. ಪ್ರತಿಯೊಬ್ಬರಿಗೂ ಆರಂಭದಲ್ಲಿ 30 ಬಿಲ್ಲೆಗಳು. ಅವು ನಿಮ್ಮ ಪ್ರಾಣ. ಅವು ಮುಗಿದರೆ ನೀವು ಆಟದಿಂದ ಹೊರಗೆ. ಆದರೆ ಆ ಬಿಲ್ಲೆಗಳೇ ನಿಮ್ಮ ಹಣವೂ ಹೌದು. ನಿಮ್ಮ ಪರವಾಗಿ ಕೆಲಸ ಮಾಡುವ ವ್ಯಾಂಪೈರುಗಳನ್ನು ಕಣಕ್ಕೆ ತರಲು ಇವುಗಳಿಂದಲೇ ಬೆಲೆ ಕೊಡಬೇಕು. ಸಣ್ಣ ಪಿಶಾಚಿಗೆ ಒಂದೆರಡು, ಬಲಶಾಲಿಗೆ ಹತ್ತು ಹನ್ನೊಂದು. ಒಂದು ಸರದಿಯಲ್ಲಿ ಸಾಮಾನ್ಯವಾಗಿ 4 ಬಿಲ್ಲೆಗಳನ್ನು ಮಾತ್ರ ಹೀಗೆ ವರ್ಗಾಯಿಸಬಹುದು. ತಲಾ 8 ಬೆಲೆಯ ಇಬ್ಬರು ಸೇವಕರನ್ನು ತಂದಿರೆಂದರೆ ನಿಮ್ಮಲ್ಲಿ ಉಳಿದದ್ದು 14. ಯಾರೂ ನಿಮ್ಮನ್ನು ಮುಟ್ಟುವ ಮೊದಲೇ ನೀವೇ ನಿಮ್ಮ ಅರ್ಧ ಪ್ರಾಣವನ್ನು ಖರ್ಚು ಮಾಡಿದ್ದೀರಿ!

ಇಲ್ಲಿ ಸ್ವಲ್ಪ ನಿಲ್ಲಿ. ಭಯದ ಕಥೆಯನ್ನು ಹೊದಿಸಿಕೊಂಡ ಆಟಗಳು ಬಹಳ ಇವೆ. ಹೆಚ್ಚಿನವುಗಳಲ್ಲಿ ಭಯ ಚಿತ್ರದಲ್ಲಿರುತ್ತದೆ. ಚಿತ್ರ ತೆಗೆದು ಹೂವು ಹಣ್ಣುಗಳನ್ನು ಮುದ್ರಿಸಿದರೂ ಆಟ ಬದಲಾಗುವುದಿಲ್ಲ. ಇಲ್ಲಿ ಭಯ ಲೆಕ್ಕದೊಳಗೇ ಇದೆ. ಹೆಚ್ಚು ಶಕ್ತಿ ಬೇಕಾದರೆ ಹೆಚ್ಚು ರಕ್ತ ಸುರಿಯಬೇಕು; ಸುರಿದ ರಕ್ತ ಕೆಲವು ವಿಶೇಷ ಕಾರ್ಡುಗಳ ನೆರವಿಲ್ಲದೆ ಹಿಂದಿರುಗುವುದಿಲ್ಲ. ಜಿಪುಣನಾಗಿ ಕುಳಿತರೆ ಸೇವಕರಿಲ್ಲದೆ ಸಾಯುತ್ತೀರಿ. ಧಾರಾಳಿಯಾದರೆ ಒಂದೇ ಹೊಡೆತಕ್ಕೆ ಸಾಯುತ್ತೀರಿ. ರಕ್ತಪಿಶಾಚಿಯ ಕಥೆ ಹೇಳುವುದೂ ಇದನ್ನೇ ಅಲ್ಲವೇ?

ಬಾಲ ಕಚ್ಚಿದ ಹಾವು

ಇನ್ನು ಮುಖ್ಯವಾದ ನಿಯಮ. ನಿಮ್ಮ ವ್ಯಾಂಪೈರುಗಳು ಸಾಮಾನ್ಯವಾಗಿ ನಿಮ್ಮ ಎಡಗಡೆಯವರ ಬಿಲ್ಲೆಗಳನ್ನು ಮಾತ್ರ ಬಸಿಯಬಹುದು. ಅವರು ತಮ್ಮ ಎಡಗಡೆಯವರನ್ನು. ಹೀಗೆ ಮೇಜಿನ ಸುತ್ತ ಒಂದು ಸರಪಣಿ. ಜೀವಶಾಸ್ತ್ರದ ಪಾಠದಲ್ಲಿ ಆಹಾರ ಸರಪಣಿಯ ಚಿತ್ರ ನೋಡಿದ್ದೀರಿ: ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು. ಅಲ್ಲಿ ಹದ್ದಿಗೆ ಮೇಲೆ ಬೇಟೆಗಾರನಿಲ್ಲ. ಇಲ್ಲಿ ಸರಪಣಿಯ ಎರಡು ತುದಿಗಳನ್ನೂ ಸೇರಿಸಿ ಬಳೆ ಮಾಡಲಾಗಿದೆ. ಎಲ್ಲರೂ ಹದ್ದು, ಎಲ್ಲರೂ ಮಿಡತೆ.

ಯಾರಾದರೂ ಹೊರಬಿದ್ದಾಗ ಅವರ ಬೇಟೆಗಾರರಿಗೆ ಗೆಲುವಿನ 1 ಅಂಕವೂ 6 ಬಿಲ್ಲೆಗಳೂ ಸಿಗುತ್ತವೆ. ಹೊಡೆದವರು ಯಾರೇ ಇರಲಿ, ಫಲ ಮಾತ್ರ ಬಲಗಡೆ ಕುಳಿತವರಿಗೇ. ಹಾಗಾಗಿ ನಾಲ್ವರು ಸೇರಿ ಒಬ್ಬರ ಮೇಲೆ ಬೀಳುವುದರಲ್ಲಿ ಮೂವರಿಗೆ ಏನೂ ಲಾಭವಿಲ್ಲ. ಕಾದು ಕುಳಿತರೂ ಲಾಭವಿಲ್ಲ, ಏಕೆಂದರೆ ಬಲಗಡೆಯವರು ಕಾಯುವುದಿಲ್ಲ. ಹಳೆಯ ಕಾಯಿಲೆಯ ಎರಡು ಲಕ್ಷಣಗಳಿಗೂ ಒಂದೇ ಗುಳಿಗೆಯಲ್ಲಿ ಮದ್ದು ಸಿಕ್ಕಿತು.

ಆಟದ ನಿಜವಾದ ರುಚಿ ಇಲ್ಲಿಂದ ಮುಂದೆ. ಐದು ಮಂದಿ ಆಡುತ್ತಿದ್ದೀರೆಂದು ಊಹಿಸಿಕೊಳ್ಳಿ. ನಿಮ್ಮ ಎಡಗಡೆ ಗೀತಾ, ಅವಳ ಎಡಗಡೆ ರವಿ, ಅವನ ಎಡಗಡೆ ಸಲೀಂ, ಅವನ ಎಡಗಡೆ ಮೇರಿ. ಮೇರಿಯ ಎಡಗಡೆ ಮತ್ತೆ ನೀವು. ಎಂದರೆ ಗೀತಾ ನಿಮ್ಮ ಬೇಟೆ, ಮೇರಿ ನಿಮ್ಮ ಬೇಟೆಗಾರ್ತಿ. ಮೇರಿಯನ್ನು ಬೇಟೆಯಾಡುವವನು ಸಲೀಂ.

ಸಲೀಂ ಮೇರಿಯನ್ನು ಜೋರಾಗಿ ಹೊಡೆಯುತ್ತಿದ್ದರೆ ನಿಮಗೆ ಸಂತೋಷ. ಮೇರಿ ತನ್ನ ರಕ್ಷಣೆಯಲ್ಲೇ ಮುಳುಗಿರುತ್ತಾಳೆ, ನಿಮ್ಮ ತಂಟೆಗೆ ಬರುವುದಿಲ್ಲ. ಆದರೆ ಮೇರಿ ಹೊರಬಿದ್ದರೆ? ಸಲೀಂನಿಗೆ 1 ಅಂಕ, 6 ಬಿಲ್ಲೆ. ಮೇರಿಯ ಕುರ್ಚಿ ಖಾಲಿಯಾದ್ದರಿಂದ ಈಗ ನಿಮ್ಮ ಬಲಗಡೆ ಇರುವವನು ಅದೇ ಸಲೀಂ. ಕೊಬ್ಬಿದ, ಗೆದ್ದ ಉತ್ಸಾಹದಲ್ಲಿರುವ ಸಲೀಂ. ಆದ್ದರಿಂದ ಒಂದು ಹಂತದಲ್ಲಿ ನೀವು ನಿಮ್ಮನ್ನು ತಿನ್ನಲು ಬಂದ ಮೇರಿಯನ್ನೇ ಕಾಪಾಡಬೇಕಾಗುತ್ತದೆ. ಅವಳು ಸಾಯಬಾರದು, ಬಲಿಯಲೂ ಬಾರದು.

ಎಡಗಡೆಗೂ ಇದೇ ಲೆಕ್ಕ. ಗೀತಾ ರವಿಯನ್ನು ಹೊರಹಾಕಿದರೆ ಅವಳಿಗೆ 6 ಬಿಲ್ಲೆ ಬಂದು, ಮುಗಿಯುತ್ತಿದ್ದ ನಿಮ್ಮ ಬೇಟೆ ಮತ್ತೆ ಚೇತರಿಸಿಕೊಳ್ಳುತ್ತದೆ. ಆದ್ದರಿಂದ ರವಿ ಬದುಕಿರುವುದು ನಿಮಗೆ ಬೇಕು. ಹಾಗೆಂದು ಗೀತಾಳನ್ನು ಅವಸರದಲ್ಲಿ ಮುಗಿಸಿದರೆ, ಇಷ್ಟು ಹೊತ್ತು ನೀವೇ ಕಾಪಾಡಿ ಬೆಳೆಸಿದ ರವಿ ನಿಮ್ಮ ಹೊಸ ಬೇಟೆಯಾಗಿ ಎದುರು ನಿಲ್ಲುತ್ತಾನೆ. ಈ ಮೇಜಿನಲ್ಲಿ ಯಾರೂ ನಿಮಗೆ ಬರಿಯ ಶತ್ರುಗಳಲ್ಲ, ಬರಿಯ ಮಿತ್ರರೂ ಅಲ್ಲ. ಯಾರು ಸತ್ತರೆ ಯಾರ ಪಕ್ಕಕ್ಕೆ ಯಾರು ಬರುತ್ತಾರೆ ಎಂಬುದನ್ನು ಲೆಕ್ಕ ಹಾಕದೆ ಒಂದು ಹೆಜ್ಜೆಯನ್ನೂ ಇಡುವಂತಿಲ್ಲ.

ಇದನ್ನು ಓದುವಾಗ ಇತಿಹಾಸದ ವಿದ್ಯಾರ್ಥಿಗಳಿಗೆ ಕೌಟಿಲ್ಯನ ನೆನಪಾಗಿರಬಹುದು. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅವರಿಂದ ಪ್ರಕಟವಾದ ಅರ್ಥಶಾಸ್ತ್ರದಲ್ಲಿ ‘ಮಂಡಲ’ ಎಂಬ ವಿಚಾರವಿದೆ. ಗೆಲ್ಲಬಯಸುವ ರಾಜನ ಗಡಿಗೆ ತಾಗಿದವನು ಅರಿ, ಅರಿಯ ಆಚೆಗಿನವನು ಮಿತ್ರ. ಬೆನ್ನ ಹಿಂದಿನ ಶತ್ರು ಪಾರ್ಷ್ಣಿಗ್ರಾಹ, ಅವನ ಹಿಂದಿನವನು ಆಕ್ರಂದ, ಎಂದರೆ ಕೂಗಿದರೆ ನೆರವಿಗೆ ಬರುವವನು. ಗೀತಾ, ರವಿ, ಮೇರಿ, ಸಲೀಂ ಈ ನಾಲ್ವರನ್ನೂ ಆ ನಾಲ್ಕು ಜಾಗಗಳಲ್ಲಿ ಕೂರಿಸಿ ನೋಡಿ. ಅಮೆರಿಕದ ಗಣಿತಜ್ಞರು ಕೌಟಿಲ್ಯನನ್ನು ಓದಿ ಆಟ ಮಾಡಿದರೆಂದು ಇದರ ಅರ್ಥವಲ್ಲ. ಜಾಗವೇ ಸಂಬಂಧವನ್ನು ನಿರ್ಧರಿಸುತ್ತದೆ ಎಂಬ ತಿಳಿವಳಿಕೆಗೆ ಬೇರೆ ಬೇರೆ ಕಾಲದ ಇಬ್ಬರು ಬೇರೆ ಬೇರೆ ದಾರಿಯಲ್ಲಿ ಬಂದರು ಎಂದಷ್ಟೇ.

ಮಾತಿಗೆ ಬೆಲೆ ಎಷ್ಟು?

ಈ ಆಟದಲ್ಲಿ ಮಾತಾಡಬಹುದು. ಒಪ್ಪಂದ ಮಾಡಿಕೊಳ್ಳಬಹುದು. ‘ಎರಡು ಸರದಿ ನನ್ನನ್ನು ಬಿಟ್ಟುಬಿಡು, ನಿನ್ನ ಠರಾವಿಗೆ ನನ್ನ ಮತ ಕೊಡುತ್ತೇನೆ’ ಎನ್ನಬಹುದು. ಠರಾವು ಎಂದರೆ ನಿಜವಾಗಿಯೂ ಠರಾವೇ. ಕೆಲವು ಕಾರ್ಡುಗಳನ್ನು ಆಡಿದಾಗ ಮೇಜಿನಲ್ಲಿ ಮತದಾನ ನಡೆಯುತ್ತದೆ. ಒಂದು ನಗರದ ಅಧಿಪತಿ ಪಟ್ಟವಿರುವ ವ್ಯಾಂಪೈರಿಗೆ 2 ಮತ, ಇನ್ನೂ ಮೇಲಿನ ಪದವಿಗೆ 3 ಅಥವಾ 4. ಹೆಸರಾದ ಒಂದು ಠರಾವು ಹೀಗಿದೆ: 4 ಬಿಲ್ಲೆಗಳ ನಷ್ಟವನ್ನು ಇಬ್ಬರು ಅಥವಾ ಹೆಚ್ಚು ಆಟಗಾರರ ನಡುವೆ ಹಂಚತಕ್ಕದ್ದು. ಯಾರಿಗೆ ಎಷ್ಟು ಎಂಬುದನ್ನು ಠರಾವು ತಂದವರು ಸೂಚಿಸುತ್ತಾರೆ, ಉಳಿದವರು ಮತ ಹಾಕುತ್ತಾರೆ. ಆಗ ಮೇಜು ಒಂದು ಸಣ್ಣ ಶಾಸನಸಭೆಯಾಗುತ್ತದೆ.

ಆದರೆ ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕೆಂದು ಯಾವ ನಿಯಮವೂ ಕಡ್ಡಾಯ ಮಾಡುವುದಿಲ್ಲ. ಮುರಿದರೆ ದಂಡವಿಲ್ಲ. ಹಾಗಾದರೆ ಮಾತು ಏಕೆ ನಡೆಯುತ್ತದೆ? ಇಂದು ಮುರಿದವರು ನಾಳೆಯೂ ಇದೇ ಗೆಳೆಯರೊಡನೆ ಆಡಬೇಕು. ಆಗ ಅವರ ಮಾತನ್ನು ಯಾರು ನಂಬುತ್ತಾರೆ? ಪಿಶಾಚಿಗಳ ಆಟದಲ್ಲಿ ಅತ್ಯಂತ ಬೆಲೆಬಾಳುವ ಆಸ್ತಿ ನಂಬಿಕೆ ಎಂಬುದು ವಿಚಿತ್ರವಾದರೂ ನಿಜ.

ದಾಳಿಯನ್ನು ಬೇರೆಡೆಗೆ ತಿರುಗಿಸುವ ಕಾರ್ಡುಗಳೂ ಇವೆ. ಮೇರಿ ನಿಮ್ಮಿಂದ 5 ಬಿಲ್ಲೆ ಬಸಿಯಲು ಬಂದಳು ಎನ್ನೋಣ. ನೀವು ಅಂಥ ಒಂದು ಕಾರ್ಡು ಹಾಕಿ ಆ ದಾಳಿಯನ್ನು ಗೀತಾಳ ಕಡೆಗೆ ತಿರುಗಿಸುತ್ತೀರಿ. 5 ಬಿಲ್ಲೆ ಹೋದದ್ದು ಗೀತಾಳದು, ಶ್ರಮ ಮೇರಿಯದು, ಲಾಭ ನಿಮ್ಮದು. ಬಲಗಡೆಯವರು ಅತಿಯಾಗಿ ಉರಿದರೆ ಅದರ ಬೆಂಕಿಯಲ್ಲಿ ಎಡಗಡೆಯವರು ಬೆಂದಾರು ಎಂಬ ಈ ಸಾಧ್ಯತೆ ಎಲ್ಲರ ಕೈಯನ್ನೂ ಸ್ವಲ್ಪ ತಡೆದು ಹಿಡಿಯುತ್ತದೆ.

ಎದುರಾಳಿ ಆಟಗಳೊಡನೆ ಹೋಲಿಕೆ

ಮ್ಯಾಜಿಕ್‌ನ ಯಶಸ್ಸಿನ ಬೆನ್ನಿಗೆ ಕಾರ್ಡಿನ ಆಟಗಳ ದೊಡ್ಡ ಜಾತ್ರೆಯೇ ನೆರೆಯಿತು. 1994ರಲ್ಲಿ ‘ಸ್ಪೆಲ್‌ಫೈರ್’, 1995ರಲ್ಲಿ ವೈಟ್ ವುಲ್ಫ್ ಸಂಸ್ಥೆಯದೇ ತೋಳಮಾನವರ ಆಟ ‘ರೇಜ್’, 1996ರಲ್ಲಿ ಎಚ್. ಪಿ. ಲವ್‌ಕ್ರಾಫ್ಟ್ ಅವರ ಭಯದ ಕಥೆಗಳನ್ನು ಆಧರಿಸಿದ ‘ಮಿಥೋಸ್’. ಇವು ಬಹಳ ಕಾಲ ನಡೆಯಲಿಲ್ಲ. ಮುಂದೆ 2016ರಲ್ಲಿ ಅದೇ ಲವ್‌ಕ್ರಾಫ್ಟ್ ಲೋಕದಿಂದ ‘ಆರ್ಕಮ್ ಹಾರರ್’ ಎಂಬ ಕಾರ್ಡಿನ ಆಟ ಬಂದು ಒಳ್ಳೆಯ ಹೆಸರು ಪಡೆಯಿತು. ಅದರಲ್ಲಿ ಆಟಗಾರರೆಲ್ಲ ಒಂದೇ ಪಕ್ಷ. ಚೀಲದೊಳಗೆ ಕೈಹಾಕಿ ತೆಗೆಯುವ ಬಿಲ್ಲೆ ಅವರ ಅದೃಷ್ಟವನ್ನು ನಿರ್ಧರಿಸುತ್ತದೆ. ಅಲ್ಲಿನ ಭಯ ಚೀಲದಿಂದ ಬರುತ್ತದೆ. ವ್ಯಾಂಪೈರ್ ಆಟದ ಭಯವಾದರೋ ಪಕ್ಕದಲ್ಲಿ ಕುಳಿತು ನಗುನಗುತ್ತಾ ಚಹಾ ಕುಡಿಯುತ್ತಿರುವ ಗೆಳೆಯನಿಂದ ಬರುತ್ತದೆ.

ಮ್ಯಾಜಿಕ್‌ಗೆ ಹೋಲಿಸಿದರೆ ಇನ್ನೆರಡು ವ್ಯತ್ಯಾಸಗಳನ್ನು ಆಟಗಾರರು ಮೆಚ್ಚುತ್ತಾರೆ. ಮ್ಯಾಜಿಕ್‌ನಲ್ಲಿ ಸಾಮಾನ್ಯವಾಗಿ ಸರದಿಗೆ ಒಂದು ಕಾರ್ಡು. ಕೈ ಬರಿದಾದರೆ ಕಾಯಬೇಕು. ಇಲ್ಲಿ ಕೈಯಲ್ಲಿ 7 ಕಾರ್ಡು, ಒಂದನ್ನು ಆಡಿದೊಡನೆ ಇನ್ನೊಂದು ಬರುತ್ತದೆ. ಆದ್ದರಿಂದ ಎಲೆ ಬರಲಿಲ್ಲ ಎಂದು ಹಣೆಬರಹವನ್ನು ಹಳಿಯುವ ಸಂದರ್ಭ ಕಡಿಮೆ. ಎರಡನೆಯದಾಗಿ, ಮ್ಯಾಜಿಕ್ ಸ್ಪರ್ಧೆಗಳಲ್ಲಿ ಒಂದೇ ಕಾರ್ಡಿನ 4 ಪ್ರತಿಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಇಲ್ಲಿ ಆ ಮಿತಿಯಿಲ್ಲ. ಈಗಿನ ನಿಯಮದಂತೆ 60ರಿಂದ 90 ಕಾರ್ಡುಗಳ ಕಟ್ಟಿನಲ್ಲಿ ಒಂದೇ ಕಾರ್ಡನ್ನು ಹತ್ತು ಬಾರಿ ಇಟ್ಟರೂ ತಪ್ಪಿಲ್ಲ. ಆದರೆ ಒಂದನ್ನೇ ನಂಬಿದವರು ಇನ್ನೊಂದಕ್ಕೆ ಬಲಿಯಾಗುತ್ತಾರೆ. ಮಿತಿಯನ್ನು ನಿಯಮದ ಬದಲು ಎದುರಾಳಿಗಳೇ ಹಾಕುತ್ತಾರೆ.

ಹಾಗೆಂದು ಈ ಆಟದಲ್ಲಿ ಕುಂದುಗಳಿಲ್ಲವೆಂದಲ್ಲ. ಸ್ಪರ್ಧೆಗಳಲ್ಲಿ ಒಂದು ಸುತ್ತಿಗೆ ಎರಡು ಗಂಟೆ ಇಡಲಾಗುತ್ತದೆ. ನಾಲ್ಕೈದು ಮಂದಿ ಕೂಡದಿದ್ದರೆ ಆಟದ ಸೊಗಸಿಲ್ಲ. ನಿಯಮಗಳು ತೊಡಕಾಗಿವೆ. ಎಲ್ಲಕ್ಕಿಂತ ದೊಡ್ಡ ಕೊರತೆ ಎಂದರೆ ಮೊದಲ ಅರ್ಧ ಗಂಟೆಯಲ್ಲೇ ಹೊರಬಿದ್ದವರ ಪಾಡು. ಕಬಡ್ಡಿಯಲ್ಲಿ ಔಟಾದವರು ಮತ್ತೆ ಒಳಗೆ ಬರಬಹುದು. ಇಲ್ಲಿ ಮುಗಿಯುವವರೆಗೂ ನೋಡುತ್ತ ಕೂರಬೇಕು. ಮಾರಾಟದಲ್ಲಿ ಮ್ಯಾಜಿಕ್‌ಗೆ ಇದು ಎಂದೂ ಸಾಟಿಯಾಗಲಿಲ್ಲ. ಈ ಕುಂದುಗಳನ್ನು ತಿಳಿದೂ ಆಟಗಾರರು ಬಿಟ್ಟುಹೋಗಲಿಲ್ಲ ಎಂಬುದೇ ನಾವು ಯೋಚಿಸಬೇಕಾದ ಸಂಗತಿ.

ಎರಡು ಸಾವು, ಎರಡು ಹುಟ್ಟು

1996ರಲ್ಲಿ ಒಂದು ಹೊಸ ಕಂತಿನ ಕಾರ್ಡುಗಳನ್ನು ಹೊರತಂದ ನಂತರ ವಿಝರ್ಡ್ಸ್ ಸಂಸ್ಥೆ ಈ ಆಟವನ್ನು ನಿಲ್ಲಿಸಿತು. ನಾಲ್ಕು ವರ್ಷ ಹೊಸ ಕಾರ್ಡಿಲ್ಲ. ಹೊಸ ಕಾರ್ಡಿಲ್ಲದ ಇಂಥ ಆಟ ಹೊಸ ಚಿತ್ರ ಬಾರದ ಚಿತ್ರಮಂದಿರದ ಹಾಗೆ. ಆದರೂ ಆಟಗಾರರು ಹಳೆಯ ಕಾರ್ಡುಗಳಲ್ಲೇ ಆಡುತ್ತ, ಸ್ಪರ್ಧೆಗಳನ್ನು ತಾವೇ ನಡೆಸುತ್ತ ಉಳಿದರು. 2000ದಲ್ಲಿ ಕಥೆಯ ಮೂಲ ಒಡೆಯರಾದ ವೈಟ್ ವುಲ್ಫ್ ಸಂಸ್ಥೆ ಮುದ್ರಣವನ್ನು ಕೈಗೆತ್ತಿಕೊಂಡಿತು. ಹತ್ತು ವರ್ಷ ಕಾರ್ಡುಗಳು ಬಂದವು. ಈ ನಡುವೆ 2006ರಲ್ಲಿ ಆ ಸಂಸ್ಥೆ ಐಸ್‌ಲ್ಯಾಂಡಿನ ಕಂಪ್ಯೂಟರ್ ಆಟಗಳ ಸಂಸ್ಥೆಯೊಂದರ ಜೊತೆ ವಿಲೀನಗೊಂಡಿತ್ತು. 2010ರಲ್ಲಿ ಮುದ್ರಣ ಮತ್ತೆ ನಿಂತಿತು.

ಎರಡನೆಯ ಸಾವಿನ ನಂತರ ನಡೆದದ್ದು ಇನ್ನೂ ಗಮನಾರ್ಹ. ಆಟಗಾರರ ಸಂಘಟನೆಯವರು ಒಡೆಯರ ಒಪ್ಪಿಗೆಯಿಂದ ಹೊಸ ಕಾರ್ಡುಗಳನ್ನು ತಾವೇ ರೂಪಿಸಿ, ಪರೀಕ್ಷಿಸಿ, ಯಾರು ಬೇಕಾದರೂ ಮನೆಯಲ್ಲೇ ಮುದ್ರಿಸಿಕೊಳ್ಳುವಂತೆ ಉಚಿತವಾಗಿ ಹಂಚಿದರು. ಯೂರೋಪಿನ ನಗರಗಳಲ್ಲಿ ಚಾಂಪಿಯನ್‌ಷಿಪ್ ಸ್ಪರ್ಧೆಗಳು ನಡೆಯುತ್ತಲೇ ಇದ್ದವು. ಕೊನೆಗೆ 2018ರಲ್ಲಿ ಆಟಗಾರರ ವಲಯದಿಂದಲೇ ಬಂದ ‘ಬ್ಲ್ಯಾಕ್ ಚಾಂಟ್ರಿ ಪ್ರೊಡಕ್ಷನ್ಸ್’ ಎಂಬ ಸಂಸ್ಥೆ ಪರವಾನಗಿ ಪಡೆದು ಮುದ್ರಣ ಆರಂಭಿಸಿತು. 2020ರಲ್ಲಿ ಐದನೆಯ ಆವೃತ್ತಿ ಬಂದಿತು. ಈಗ ಅದೃಷ್ಟದ ಪೊಟ್ಟಣಗಳ ಬದಲು ಒಳಗೆ ಏನಿದೆಯೆಂದು ಮೊದಲೇ ತಿಳಿಸಿದ ಸಿದ್ಧ ಕಟ್ಟುಗಳು ಸಿಗುತ್ತವೆ.

ಯಾವುದೇ ಆಟವನ್ನು ಕಾರ್ಖಾನೆ ಹುಟ್ಟಿಸಬಹುದು, ಉಳಿಸುವುದು ಆಡುವವರ ಕೈಯಲ್ಲಿದೆ. ಆಡುವವರು ಉಳಿಸುವುದು ತಮ್ಮ ನಡುವೆ ಏನಾದರೂ ನಡೆಯುವ ಆಟವನ್ನು. ಮುದ್ರಿತ ಚಿತ್ರ ಹತ್ತು ಬಾರಿ ನೋಡಿದ ಮೇಲೆ ಹೆದರಿಸುವುದಿಲ್ಲ. ಪಕ್ಕದಲ್ಲಿರುವ ಮನುಷ್ಯ ಸಾವಿರದ ಬಾರಿಯೂ ಹೊಸಬನೇ. ಆತ ಇವತ್ತು ಮಾತು ಉಳಿಸಿಕೊಳ್ಳುತ್ತಾನೆಯೇ, ಆತನನ್ನು ಮುಗಿಸಬೇಕೇ ಉಳಿಸಬೇಕೇ ಎಂಬ ಪ್ರಶ್ನೆಗಳಿಗೆ ಹೊಸ ಕಾರ್ಡು ಬೇಕಿಲ್ಲ. ಈ ಆಟ ನಾಲ್ಕು ವರ್ಷ ಹೊಸ ಕಾರ್ಡಿಲ್ಲದೆ ಬದುಕಿದ ಗುಟ್ಟು ಇದೇ ಎಂದು ತೋರುತ್ತದೆ.

ಇದನ್ನು ನಂಬುವ ಮೊದಲು ಪರೀಕ್ಷಿಸಿ ನೋಡಿ. ದುಬಾರಿ ಕಾರ್ಡುಗಳೇನೂ ಬೇಡ. ಐವರು ಗೆಳೆಯರು ಸುತ್ತ ಕುಳಿತು ತಲಾ 10 ಹುಣಸೆ ಬೀಜ ಇಟ್ಟುಕೊಳ್ಳಿ. ಸರದಿ ಬಂದವರು ನಾಣ್ಯ ಚಿಮ್ಮಬೇಕು. ರಾಜಮುದ್ರೆ ಬಿದ್ದರೆ ಎಡಗಡೆಯವರ 2 ಬೀಜ ನಡುವಿನ ಬಟ್ಟಲಿಗೆ. ಇನ್ನೊಂದು ಮುಖ ಬಿದ್ದರೆ ಏನೂ ಇಲ್ಲ. ಆಮೇಲೆ, ಇಷ್ಟವಿದ್ದರೆ, ತಮ್ಮದೊಂದು ಬೀಜವನ್ನು ಯಾರಿಗೆ ಬೇಕಾದರೂ ಕೊಡಬಹುದು. ಬೀಜ ಮುಗಿದವರು ಹೊರಗೆ. ಅವರ ಬಲಗಡೆಯವರಿಗೆ ಒಂದು ಅಂಕ ಮತ್ತು ಬಟ್ಟಲಿನಿಂದ 3 ಬೀಜ. ಕೊನೆಗೆ ಉಳಿದವರಿಗೂ ಒಂದು ಅಂಕ. ಮಾತಾಡಲು ಅಡ್ಡಿಯಿಲ್ಲ. ಹೊರಬಿದ್ದವರೊಬ್ಬರಿಗೆ ಒಂದು ಪುಸ್ತಕ ಕೊಟ್ಟು, ಯಾರು ಯಾರಿಗೆ ಬೀಜ ಕೊಟ್ಟರು, ಏನು ಮಾತು ಕೊಟ್ಟು ಕೊಟ್ಟರು, ಆ ಮಾತು ನಿಂತಿತೇ ಎಂಬುದನ್ನು ಬರೆದಿಡಲು ಹೇಳಿ. ಬಲಗಡೆ ಕುಳಿತ ತಮ್ಮ ಬೇಟೆಗಾರನಿಗೇ ಯಾರಾದರೂ ಬೀಜ ಕೊಟ್ಟರೆ, ಏಕೆ ಕೊಟ್ಟೆ ಎಂದು ಆಟ ಮುಗಿದ ಮೇಲೆ ಅವರನ್ನು ಕೇಳಲು ಮರೆಯಬೇಡಿ.